ಶೀಘ್ರ ವಿಭಾಗದಿಂದ ಇಳಿಯುವ ದಾರಿ

ಬುದ್ಧಿವಂತ ಮಕ್ಕಳನ್ನು ಹೆತ್ತವರಿಗೆ ಜನ ಅಭಿನಂದನೆ ಹೇಳುತ್ತಾರೆ. ಸಮಾಧಾನ ಹೇಳಬೇಕಾದ ಜಾಗದಲ್ಲಿ ಅಭಿನಂದನೆ ಹೇಳುವುದು ನಮ್ಮ ಜನರ ಹಳೇ ಚಾಳಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ರೇವಣಸಿದ್ದಪ್ಪನವರಿಗೆ ಈ ಸತ್ಯದ ದರ್ಶನವಾದದ್ದು ಮಗಳು ಸಂಗೀತಾ ಒಂಬತ್ತನೇ ಕ್ಲಾಸಿಗೆ ಬಂದ ವರ್ಷ, ಅಂದರೆ ತೊಂಬತ್ತೆಂಟರಲ್ಲಿ.

ಸಂಗೀತಾ ಲೆಕ್ಕದಲ್ಲಿ ಬೆಂಕಿ. ಜೂನ್‌ನಲ್ಲಿ ಗಣಿತದ ಪುಸ್ತಕ ಕೈಗೆ ಬಂತು, ಆಗಸ್ಟ್ ಹೊತ್ತಿಗೆ ಕೊನೇ ಪುಟದ ಲೆಕ್ಕವನ್ನೂ ಮಾಡಿ ಮುಗಿಸಿ ಕೂತಿದ್ದಳು. ಆದರೆ ಜೆ.ಪಿ. ನಗರದ ಅವಳ ಶಾಲೆಯಲ್ಲಿ ಗಣಿತದ ದಾಸಪ್ಪ ಮೇಷ್ಟ್ರು ಇನ್ನೂ ಎರಡನೇ ಪಾಠದ ಮೇಲೆ ಬಿಡಾರ ಹೂಡಿದ್ದರು. ಮೇಷ್ಟ್ರು ಒಂದು ಲೆಕ್ಕ ಬೋರ್ಡಿನ ಮೇಲೆ ಮಾಡಿ "ಅರ್ಥ ಆಯ್ತಾ?" ಎನ್ನುತ್ತಿದ್ದರು. ಹಿಂದಿನ ಬೆಂಚಿನಿಂದ ಸೀನು ಎಂಬ ಹುಡುಗ "ಇಲ್ಲ ಸಾರ್" ಎನ್ನುತ್ತಿದ್ದ. ಮೇಷ್ಟ್ರು ಒರೆಸಿ ಅದನ್ನೇ ಮತ್ತೆ ಬರೆಯುತ್ತಿದ್ದರು. (ಈ ಹೊತ್ತಿಗೆ ಮುಂದಿನ ಬೆಂಚಿನವರಿಗೂ ಮರೆತು ಹೋಗಿರುತ್ತಿತ್ತು.) ಸಂಗೀತಾ ಉತ್ತರ ಹೇಳಲು ಕೈ ಎತ್ತಿದರೆ "ನೀನು ಸುಮ್ನಿರಮ್ಮ, ನಿನಗೆ ಗೊತ್ತು" ಎಂದು ಕೂರಿಸುತ್ತಿದ್ದರು.

ಹೀಗೆ ಶಾಲೆಯಲ್ಲಿ ಖರ್ಚಾಗದೆ ಉಳಿದ ಬುದ್ಧಿಯೆಲ್ಲ ಸಂಜೆ ಮನೆಗೆ ಬಂದು ಖರ್ಚಾಗತೊಡಗಿತು. ಮೊದಲ ಬಲಿ ತಾಯಿ ಮೀನಾಕ್ಷಮ್ಮ.

"ಅಮ್ಮ, ಸಾರಿಗೆ ಉಪ್ಪು ಎಷ್ಟು?"

"ಅಂದಾಜಿಗೆ ಹಾಕೋದು ಕಣೇ."

"ಅಂದಾಜು ಅಂದ್ರೆ ಎಷ್ಟು?"

"ಅಂದಾಜು ಅಂದ್ರೆ ಅಂದಾಜು! ಹೋಗು ಆಚೆ!"

ಆಚೆ ಹೋದವಳು ನೇರ ಅಪ್ಪನ ಅಂಗಡಿಗೆ ಹೋಗುತ್ತಿದ್ದಳು. ಒಂದು ಸಂಜೆ ಯಡಿಯೂರಿನ ಹೆಂಗಸೊಬ್ಬರು ಮಗಳ ಮದುವೆಗೆಂದು ಪಾತ್ರೆಗಳನ್ನು ಆರಿಸಿ ಗುಡ್ಡೆ ಹಾಕಿಕೊಂಡು, ಕೊನೆಗೆ ಕುಕ್ಕರ್ ಕೈಗೆತ್ತಿಕೊಂಡಿದ್ದರು. ರೇವಣಸಿದ್ದಪ್ಪನವರು "ನಿಮಗೋಸ್ಕರ ಡಿಸ್ಕೌಂಟು ಮೇಡಂ" ಎಂದು ಮುಗುಳ್ನಗುತ್ತಿರುವಾಗ ಸಂಗೀತಾ ಬಹಳ ಶುದ್ಧವಾದ ಜ್ಞಾನದಾಹದಿಂದ ಕೇಳಿದಳು: "ಅಪ್ಪ, ಹೋದ ವಾರ ಡಿಸ್ಕೌಂಟ್ ಇಲ್ದೇ ಇದ್ದಾಗ ಇದರ ರೇಟು ಇನ್ನೂ ಕಮ್ಮಿ ಇತ್ತಲ್ಲ. ಈಗ ಡಿಸ್ಕೌಂಟ್ ಬಂದ್ಮೇಲೆ ಜಾಸ್ತಿ ಆಗಿದೆ. ಅದು ಹೆಂಗಪ್ಪ?"

ಆ ಹೆಂಗಸು ಕುಕ್ಕರನ್ನು ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಕೆಳಗಿಟ್ಟು ಎದ್ದು ಹೋದರು. ಜೊತೆಯಲ್ಲಿ ಒಂದು ಇಡೀ ಮದುವೆ ಎದ್ದು ಹೋಯಿತು.

"ರೀ, ಈ ಹುಡುಗೀನ ಹೆಂಗಾದ್ರೂ ಮಾಡಿ ಶಾಲೇಲೇ ಸುಸ್ತು ಮಾಡ್ಸಿ. ಮನೆಗೆ ಬರೋ ಹೊತ್ತಿಗೆ ತಲೆ ಖಾಲಿ ಆಗಿರ್ಬೇಕು" ಎಂದರು ಮೀನಾಕ್ಷಮ್ಮ.

"ನಾನೇನು ಮಾಡ್ಲೇ? ಮೇಷ್ಟ್ರು ನಿಧಾನ."

ರೇವಣಸಿದ್ದಪ್ಪನವರು ಅಲ್ಲಿಗೇ ಬಿಟ್ಟುಬಿಡುತ್ತಿದ್ದರೇನೋ. ಆದರೆ ಅಂದು ರಾತ್ರಿ ಸಂಗೀತಾ ತಟ್ಟೆಯ ಮುಂದೆ ಕೂತು, ಅನ್ನ ಮುಟ್ಟದೆ, "ಅಪ್ಪ, ಮೊದಲೆಲ್ಲ ಲೆಕ್ಕ ಅಂದ್ರೆ ಎಷ್ಟು ಇಷ್ಟ ಆಗ್ತಿತ್ತು. ಈಗ ಆ ಪಿರಿಯಡ್ ಬಂತು ಅಂದ್ರೆ ಅಳು ಬರುತ್ತೆ" ಎಂದಳು. ಹಾಗೆ ಹೇಳಿ ನಿಜವಾಗಿಯೂ ಅತ್ತಳು. ಅಪ್ಪ ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. ತಮ್ಮ ವಂಶದಲ್ಲಿ ಗಣಿತಕ್ಕೆ ಹೆದರಿ ಅತ್ತವರು ಎಷ್ಟೋ ಜನ, ಅದು ಸಾಲದೆಂದು ಅತ್ತವಳು ಇವಳೊಬ್ಬಳೇ. ಮಾರನೇ ದಿನವೇ ಅಂಗಡಿಯ ಷಟರ್ ಅರ್ಧ ಎಳೆದು ಶಾಲೆಗೆ ಹೋದರು.

ಹೆಡ್‌ಮಾಸ್ಟರ್ ಸಂಜೀವಯ್ಯನವರು ಸೌಮ್ಯ ಮನುಷ್ಯ. ಎಲ್ಲ ಕೇಳಿಸಿಕೊಂಡು, ಜಯಾ ಎಂಬ ಹೊಸ ಮಿಸ್ ಬಂದಿದ್ದಾರೆ, ಗಣಿತದ ಪಿರಿಯಡ್‌ಗೆ ಮಾತ್ರ ಮಕ್ಕಳನ್ನು ಎರಡು ಮಾಡೋಣ, ಒಂದು ಶೀಘ್ರ ವಿಭಾಗ, ಒಂದು ಸಾವಧಾನ ವಿಭಾಗ ಎಂದರು. ("ನಿಧಾನ" ಎಂದರೆ ತಂದೆತಾಯಿಗಳಿಗೆ ನೋವಾದೀತೆಂದು "ಸಾವಧಾನ.") ಯಾರು ಎಲ್ಲಿಗೆ ಎಂಬುದನ್ನು ಪೋಷಕರೇ ಸಭೆಯಲ್ಲಿ ಹೇಳಲಿ, ನೀವೇ ಎರಡು ಮಾತಾಡಿ ಎಂದರು.

ಎರಡು ಮಾತು! ರೇವಣಸಿದ್ದಪ್ಪನವರು ಒಂದು ವಾರ ಅಂಗಡಿಯ ಕೊಳಗಗಳ ಮುಂದೆ ಭಾಷಣ ಅಭ್ಯಾಸ ಮಾಡಿದರು. ಶನಿವಾರದ ಸಭೆಯಲ್ಲಿ ಮೇಜು ಗುದ್ದಿ, "ಚುರುಕಾದ ಮಗುವನ್ನು ನಿಧಾನದ ತರಗತಿಯಲ್ಲಿ ಕೂರಿಸುವುದು ರಾಷ್ಟ್ರೀಯ ನಷ್ಟ! ಆ ಮಗುವಿನ ಕಣ್ಣೀರಿಗೆ ಯಾರು ಹೊಣೆ?" ಎಂದಾಗ ಸಭೆಗೆ ಸಭೆಯೇ ಕಣ್ಣೊರೆಸಿಕೊಂಡಿತು. ಭಾಷಣ ಬಹಳ ಚೆನ್ನಾಯಿತು. ಚೆನ್ನಾದದ್ದೇ ತಪ್ಪಾಯಿತು. ಅಲ್ಲಿದ್ದ ಪ್ರತಿಯೊಬ್ಬರಿಗೂ ಆ ಮಗು ತಮ್ಮದೇ ಎನ್ನಿಸಿಬಿಟ್ಟಿತು.

"ನಮ್ಮ ಸೀನು ಯೋಚನೆ ಮಾಡೋದು ಸಖತ್ ಫಾಸ್ಟ್ ಸಾರ್. ಬರೆಯೋದು ಒಂದೇ ನಿಧಾನ. ಶೀಘ್ರಕ್ಕೆ ಹಾಕ್ಕೊಳಿ" ಎಂದರು ಸೀನುವಿನ ತಾಯಿ ಬೈರಮ್ಮ.

"ನಮ್ಮೋನಿಗೆ ಎಲ್ಲಾ ಗೊತ್ತು ಸಾರ್, ಕೇಳಿದ್ರೆ ಮಾತ್ರ ಹೇಳಲ್ಲ" ಎಂದರು ಇನ್ನೊಬ್ಬರು.

ನೋಡನೋಡುತ್ತಿದ್ದಂತೆ ಸಭೆಗೆ ಬಂದಿದ್ದವರ ಮಕ್ಕಳೆಲ್ಲ ಶೀಘ್ರರಾದರು. ರೇವಣಸಿದ್ದಪ್ಪನವರಿಗೆ ಗಾಬರಿಯಾಯಿತು. ಈ ಕಾಳಿನಿಂದ ಜೊಳ್ಳನ್ನು ತೂರಲು ಒಂದು ಉಪಾಯ ಹೊಳೆದು ಮತ್ತೆ ಎದ್ದು ನಿಂತರು. "ಒಂದು ನಿಯಮ ಬೇಕು ಸಾರ್! ಒಂದ್ಸಲ ಶೀಘ್ರಕ್ಕೆ ಸೇರಿದ ಮೇಲೆ ಇಷ್ಟ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ. ಟೆಸ್ಟ್‌ನಲ್ಲಿ ಫೇಲ್ ಆದೋರನ್ನ ಮಾತ್ರ ಸಾವಧಾನಕ್ಕೆ ಇಳಿಸ್ಬೇಕು!" ಸೀನುವಿನಂಥವರು ಮೊದಲ ಟೆಸ್ಟಿಗೇ ಉದುರಿಹೋಗುತ್ತಾರೆಂದು ಅವರ ಎಣಿಕೆ. ಸಭೆ ಚಪ್ಪಾಳೆ ತಟ್ಟಿ ಒಪ್ಪಿತು.

ಸೋಮವಾರ ಶೀಘ್ರ ವಿಭಾಗ ಶುರುವಾಯಿತು. ಅದೇ ಕೊಠಡಿ, ಅದೇ ದಾಸಪ್ಪ ಮೇಷ್ಟ್ರು, ಹೆಚ್ಚುಕಡಿಮೆ ಅದೇ ಮಕ್ಕಳು. "ಅರ್ಥ ಆಯ್ತಾ?" "ಇಲ್ಲ ಸಾರ್." ಉದುರುವ ಪ್ರಶ್ನೆಯೂ ಬರಲಿಲ್ಲ. ಶೀಘ್ರ ವಿಭಾಗದವರು ಫೇಲಾದರೆ ಶಾಲೆಗೆ ಅವಮಾನವೆಂದು ಮೇಷ್ಟ್ರು ಟೆಸ್ಟಿಗೆ ಕೊಡುವ ಲೆಕ್ಕಗಳನ್ನು ಹಿಂದಿನ ದಿನವೇ ಬೋರ್ಡಿನ ಮೇಲೆ ಮಾಡಿಸುತ್ತಿದ್ದರು. ಪಾಠ ಇನ್ನಷ್ಟು ನಿಧಾನವಾಯಿತು.

ಸಾವಧಾನ ವಿಭಾಗಕ್ಕೆ ಬಿದ್ದವರು ಆರೇ ಜನ. ಅವರ ಅಪ್ಪಅಮ್ಮಂದಿರು ಸಭೆಗೆ ಬಂದಿರಲಿಲ್ಲ, ಅಷ್ಟೇ ಅವರ ಅಪರಾಧ. ಇವರಿಂದ ಯಾರೂ ಏನೂ ನಿರೀಕ್ಷಿಸದ ಕಾರಣ ಜಯಾ ಮಿಸ್ ಅವರನ್ನು ಹೊಂಗೆ ಮರದ ಕೆಳಗೆ ಕೂರಿಸಿಕೊಂಡು, ಒಬ್ಬೊಬ್ಬರಿಗೆ ಅವರವರ ಶಕ್ತಿಗೆ ತಕ್ಕ ಲೆಕ್ಕ ಕೊಡುತ್ತಿದ್ದರು. ಮುಗಿಸಿದವರು ಮುಂದೆ ಹೋಗಬಹುದು, ಎಷ್ಟು ಮುಂದೆ ಬೇಕಾದರೂ. ದೀಪಾವಳಿ ಹೊತ್ತಿಗೆ ಅಲ್ಲೊಬ್ಬ ಹುಡುಗಿ ಹತ್ತನೇ ಕ್ಲಾಸಿನ ಲೆಕ್ಕ ಮಾಡುತ್ತಿದ್ದಾಳೆಂಬ ಸುದ್ದಿ ಬಂತು.

"ಅಪ್ಪ, ನನ್ನನ್ನ ಜಯಾ ಮಿಸ್ ಹತ್ರ ಹಾಕ್ಸು" ಎಂದಳು ಸಂಗೀತಾ.

"ಸಾವಧಾನಕ್ಕಾ? ಶೀಘ್ರಾನ ಕಟ್ಸಿದ ಮನುಷ್ಯ ನಾನು! ಬೈರಮ್ಮನ ಮುಂದೆ ಮುಖ ಹೆಂಗೆ ಎತ್ಲಮ್ಮ?"

ಸಂಗೀತಾ ಎದ್ದು ಅಪ್ಪನ ಅಂಗಡಿಗೆ ಹೊರಟಳು. ಅಂದು ಡಿಸ್ಕೌಂಟಿನ ಬೋರ್ಡು ಹೊಸದಾಗಿ ಬರೆಸಿದ್ದ ದಿನ. ರೇವಣಸಿದ್ದಪ್ಪನವರು ಅವಳನ್ನು ಗೇಟಿನಲ್ಲೇ ಹಿಡಿದು, "ಆಯ್ತು ತಾಯಿ, ಹಾಕಿಸ್ತೀನಿ" ಎಂದರು.

ಆದರೆ ನಿಯಮ? ಫೇಲ್ ಆಗದೆ ಇಳಿಯುವಂತಿಲ್ಲ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಫೇಲಾಗುವ ತಾಲೀಮು ಆರಂಭವಾಯಿತು.

ಸಂಗೀತಾಗೆ ಫೇಲಾಗಲು ಬರಲಿಲ್ಲ. ಒಂದು ಸಂಖ್ಯೆಯ ಅರ್ಧಕ್ಕೆ ಅದೇ ಸಂಖ್ಯೆಯ ಮೂರನೇ ಒಂದು ಭಾಗ ಸೇರಿಸಿದರೆ ಹತ್ತಾಗುತ್ತದೆ, ಆ ಸಂಖ್ಯೆ ಯಾವುದು ಎಂಬ ಲೆಕ್ಕವನ್ನು ಅವಳು ಮುತ್ತು ಪೋಣಿಸಿದಂತೆ ಮಾಡಿ, ಕೊನೆಯಲ್ಲಿ ಹನ್ನೆರಡು ಎನ್ನುವ ಕಡೆ ಕಣ್ಮುಚ್ಚಿಕೊಂಡು ಹದಿಮೂರು ಎಂದು ಬರೆದಳು.

"ಇದು ತಪ್ಪಲ್ಲಮ್ಮ, ನಾಟಕ" ಎಂದರು ರೇವಣಸಿದ್ದಪ್ಪ, ಜೀವನದಲ್ಲಿ ಮೊದಲ ಬಾರಿಗೆ ಗಣಿತದ ವಿಷಯದಲ್ಲಿ ಮಗಳಿಗಿಂತ ಮೇಲೆ ನಿಂತು. "ಮೇಷ್ಟ್ರು ಕಂಡುಹಿಡೀತಾರೆ. ತಪ್ಪು ಬೇರಿನಿಂದ ಬರ್ಬೇಕು. ನೋಡು, ಅರ್ಧ ಅಂದ್ರೆ ಎರಡನೇ ಒಂದು. ಆಮೇಲೆ ಮೂರನೇ ಒಂದು. ಮೇಲಿನ ಒಂದು ಒಂದು ಕೂಡಿದ್ರೆ ಎರಡು. ಕೆಳಗೆ ಎರಡು ಮೂರು ಕೂಡಿದ್ರೆ ಐದು. ಐದನೇ ಎರಡು!"

ಸಂಗೀತಾ ಕಣ್ಣರಳಿಸಿದಳು. "ಅಪ್ಪಾ! ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಆಗೋಯ್ತಾ?"

"ಆಗುತ್ತೆ. ಧೈರ್ಯವಾಗಿ ಬರೀಬೇಕು. ಐದನೇ ಎರಡು ಹತ್ತಾದ್ರೆ ಪೂರ್ತಿ ಇಪ್ಪತ್ತೈದು. ಮುಗೀತು."

"ಅದ್ಭುತ ಅಪ್ಪ! ಇದು ನನಗೆ ಹೊಳೀತಾನೇ ಇರ್ಲಿಲ್ಲ!"

ಮಗಳಿಂದ ಇಂಥ ಹೊಗಳಿಕೆ ಅವರು ಎಂದೂ ಕೇಳಿರಲಿಲ್ಲ. ಉತ್ಸಾಹದಿಂದ ಸಂಜೆಯವರೆಗೂ ಪಾಠ ಹೇಳಿದರು. ಮೀನಾಕ್ಷಮ್ಮ ಕಾಫಿ ತಂದಿಟ್ಟು, "ರೀ, ಇಷ್ಟು ನಿರರ್ಗಳವಾಗಿ ಹೇಳ್ತಿದೀರಲ್ಲ, ಸರಿ ಉತ್ತರ ಯಾವುದು ಅಂತ ನಿಮಗೆ ಗೊತ್ತು ತಾನೇ?" ಎಂದರು.

"ನೀನು ಮಧ್ಯ ಬಾಯಿ ಹಾಕ್ಬೇಡ, ಮಗು ಕಲೀತಾ ಇದೆ" ಎಂದರು ಯಜಮಾನರು.

ಟೆಸ್ಟ್ ಆದ ಮೂರನೇ ದಿನ ಶಾಲೆಯಿಂದ ಫೋನು ಬಂತು. ಗಂಡಹೆಂಡತಿ ಹೋದಾಗ ಸಂಜೀವಯ್ಯನವರ ಮುಖದಲ್ಲಿ ಸೌಮ್ಯತೆ ಇರಲಿಲ್ಲ, ಮರುಕವಿತ್ತು. ಪಕ್ಕದಲ್ಲಿ ದಾಸಪ್ಪ ಮೇಷ್ಟ್ರು ಉತ್ತರಪತ್ರಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದರು. ಮೂಲೆಯಲ್ಲಿ ಸಂಗೀತಾ.

"ನೂರಕ್ಕೆ ನಾಲ್ಕು" ಎಂದರು ಹೆಡ್‌ಮಾಸ್ಟರು. "ಆ ನಾಲ್ಕನ್ನೂ ಅಕ್ಷರ ದುಂಡಗಿದೆ ಅಂತ ಕೊಟ್ಟಿದ್ದು."

"ಹಾಗಾದ್ರೆ ಸಾವಧಾನ ವಿಭಾಗಕ್ಕೆ..." ಎಂದು ರೇವಣಸಿದ್ದಪ್ಪನವರು ಆಸೆಯಿಂದ ಮುಂದೆ ಬಾಗಿದರು.

"ಎಲ್ಲಿಯ ಸಾವಧಾನ! ಅಲ್ಲಿರೋರು ಇವಳಿಗಿಂತ ಎಷ್ಟೋ ಮುಂದಿದಾರೆ. ಇಷ್ಟು ವರ್ಷದ ಸರ್ವಿಸ್‌ನಲ್ಲಿ ಇಂಥ ಪೇಪರ್ ನೋಡಿಲ್ಲ ಸಾರ್. ಇವಳಿಗೆ ಎಲ್ಲಾ ಗೊತ್ತು ಅಂತ ನಂಬಿದ್ವಿ, ಭಿನ್ನರಾಶೀನೇ ಬರ್ತಿಲ್ಲ ಹುಡುಗಿಗೆ. ನಾಳೆಯಿಂದ ಗಣಿತದ ಪಿರಿಯಡ್‌ಗೆ ಆರನೇ ಕ್ಲಾಸಲ್ಲಿ ಕೂರಿಸ್ತೀವಿ" ಎಂದರು ಸಂಜೀವಯ್ಯನವರು.

ಸಂಗೀತಾಳ ಮುಖ ಬಿಳಿಚಿಕೊಂಡಿತು. ಅಪ್ಪನ ಕಡೆ ನೋಡಿದಳು. ಆ ನೋಟ ನೋಡಿದ ಮೇಲೆ ರೇವಣಸಿದ್ದಪ್ಪನವರಿಗೆ ಬೈರಮ್ಮ, ಮಾನ, ಮೇಜು ಗುದ್ದಿದ ಭಾಷಣ ಎಲ್ಲ ಮರೆತು ಹೋಯಿತು.

"ಸಾರ್, ಆ ತಪ್ಪುಗಳು ಅವಳದಲ್ಲ" ಎಂದರು. "ನನ್ನವು. ಫೇಲ್ ಆಗ್ಲಿ ಅಂತ ನಾನೇ ಹೇಳ್ಕೊಟ್ಟೆ."

ಸಂಜೀವಯ್ಯನವರು ಕನ್ನಡಕ ತೆಗೆದರು. ಸಂಗೀತಾ ಕೈಗೆ ಒಂದು ಹಾಳೆ ಕೊಟ್ಟರು. ಅವಳು ಅಲ್ಲೇ ನಿಂತುಕೊಂಡು ಇಡೀ ಪ್ರಶ್ನೆಪತ್ರಿಕೆ ಮಾಡಿ ಮುಗಿಸಿದಳು. ದಾಸಪ್ಪ ಮೇಷ್ಟ್ರು ಹಾಳೆ ನೋಡಿದರು, ಇನ್ನೊಮ್ಮೆ ನೋಡಿದರು. "ನೂರಕ್ಕೆ ನೂರು ಸಾರ್" ಎಂದು ಮೆಲ್ಲಗೆ ಹೇಳಿ, "ನಾನು ಈ ಮಗೂನ ಸುಮ್ನೆ ಕೂರಿಸಿಬಿಟ್ಟೆ" ಎಂದರು.

"ಸರಿ, ಜಯಾ ಮಿಸ್ ಹತ್ರ ಹೋಗಮ್ಮ" ಎಂದರು ಹೆಡ್‌ಮಾಸ್ಟರು. ಆಮೇಲೆ ರೇವಣಸಿದ್ದಪ್ಪನವರ ಕಡೆ ತಿರುಗಿ, "ಏನೇ ಹೇಳಿ, ಇಷ್ಟು ಸಹಜವಾದ ತಪ್ಪುಗಳನ್ನ ಕುಳಿತು ಯೋಚನೆ ಮಾಡಿದೀರಲ್ಲ, ನಿಮ್ಮ ಗಣಿತ ಜ್ಞಾನ ಭಾರಿ ಇರ್ಬೇಕು" ಎಂದರು.

ಆ ಹೊಗಳಿಕೆ ಒಪ್ಪಿಕೊಂಡುಬಿಡಬಹುದಿತ್ತು. ರೇವಣಸಿದ್ದಪ್ಪನವರು ವಿನಯದಿಂದ ತಲೆ ಬಾಗಿಸಿದ್ದರು ಕೂಡ. ಆದರೆ ಮೀನಾಕ್ಷಮ್ಮ ಸುಳ್ಳು ಕೇಳಿಕೊಂಡು ಕೂರುವವರಲ್ಲ.

"ಎಲ್ಲಿ ಯೋಚನೆ ಸಾರ್! ಇವ್ರು ಅಷ್ಟನ್ನೂ ಯೋಚನೆ ಮಾಡ್ದೇ ಹೇಳಿದ್ದು."

"ಮನೇಲಿ ಇನ್ಮೇಲೆ ನೀವು ದಯವಿಟ್ಟು ಪಾಠ ಹೇಳ್ಬೇಡಿ" ಎಂದು ಸಂಜೀವಯ್ಯನವರು ಕೈ ಮುಗಿದರು.

ಅಂದು ಸಂಜೆ ಸಂಗೀತಾ ಜಯಾ ಮಿಸ್ ಕೊಟ್ಟ ಲೆಕ್ಕ ಬಿಟ್ಟು ತಲೆ ಎತ್ತಲಿಲ್ಲ. ಉಪ್ಪಿನ ಸುದ್ದಿಗೂ ಹೋಗಲಿಲ್ಲ. ಊಟಕ್ಕೆ ಕೂತಾಗ ಮಾತ್ರ, "ಅಪ್ಪ, ನಿಜ ಹೇಳು. ಆ ಕೂಡೋದು ಹೇಗೆ ಅಂತ ನಿನಗೆ ನಿಜವಾಗ್ಲೂ ಗೊತ್ತಿಲ್ವಾ?" ಎಂದಳು.

"ನೋಡಮ್ಮ, ನಾವು ವ್ಯಾಪಾರಸ್ಥರು. ಕಾಲಿದೆ, ಅರ್ಧ ಇದೆ, ಮುಕ್ಕಾಲಿದೆ. ಮೂರನೇ ಒಂದು ಹಿತ್ತಾಳೆ ತೂಗಿ ಕೊಡಿ ಅಂತ ಇವತ್ತಿನವರೆಗೂ ಒಬ್ಬರೂ ಬಂದಿಲ್ಲ."

ಸಂಗೀತಾ ನಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು, ಚಪಾತಿಯನ್ನು ಹರಿದು ತುಂಡು ಮಾಡಿ ತಟ್ಟೆಯಲ್ಲಿ ಜೋಡಿಸಿ ವಿವರಿಸಿದಳು. ಅಪ್ಪ ಹೂಂ ಎಂದರು. ಇನ್ನೊಮ್ಮೆ ವಿವರಿಸಿದಳು. ಅಪ್ಪ ಇನ್ನೂ ಗಂಭೀರವಾಗಿ ಹೂಂ ಎಂದರು.

"ಅರ್ಥ ಆಯ್ತಲ್ಲ? ಈಗ ಮೂರನೇ ಒಂದಕ್ಕೆ ನಾಲ್ಕನೇ ಒಂದು ಸೇರ್ಸು ನೋಡೋಣ."

ರೇವಣಸಿದ್ದಪ್ಪನವರು ಚಪಾತಿ ತುಂಡುಗಳನ್ನು ನೋಡಿದರು, ಸೂರು ನೋಡಿದರು, ಬೆರಳು ಮಡಚಿದರು. ಕೊನೆಗೆ ಅನುಮಾನವೇ ಇಲ್ಲದ ದನಿಯಲ್ಲಿ, "ಏಳನೇ ಎರಡು" ಎಂದರು.

ಅಡುಗೆಮನೆಯಲ್ಲಿ ಮೀನಾಕ್ಷಮ್ಮನ ಕೈಯಿಂದ ಸೌಟು ಬಿತ್ತು. ಸಂಗೀತಾ ಹೊಸದೊಂದು ಚಪಾತಿ ತೆಗೆದುಕೊಂಡು ಅಪ್ಪನ ಮುಂದೆ ಹರಡಿದಳು.

"ಪರವಾಗಿಲ್ಲಪ್ಪ" ಎಂದಳು. "ಅವಸರ ಏನಿಲ್ಲ. ನಿಧಾನಕ್ಕೇ ಹೋಗೋಣ."