ಪಾಸ್‌ವರ್ಡಿಗೆ ಆಕ್ಷೇಪಣೆಗಳ ಆಹ್ವಾನ

ಶಿಗ್ಗಾವಿ ತಾಲೂಕಿನಲ್ಲಿ, ದುಂಡಸಿಯಿಂದ ಆಚೆಗೆ, ಒಂದು ಊರಿಗೆಲ್ಲ ಒಂದೇ ಇಮೇಲ್ ವಿಳಾಸವಿದೆ. ರೇಷನ್ ಕಾರ್ಡಿನಿಂದ ಎಮ್ಮೆಯ ವಿಮೆಯವರೆಗೆ ಯಾರು ಯಾವ ಅರ್ಜಿ ಹಾಕಿದರೂ ಪಂಚಾಯ್ತಿಯ ಕಂಪ್ಯೂಟರ್ ಆಪರೇಟರ್ ಮೈಲಾರಿ ಅದೊಂದನ್ನೇ ತುಂಬುತ್ತಾನೆ. ಈ ವ್ಯವಸ್ಥೆಯ ವಿರುದ್ಧ ಇದುವರೆಗೆ ದೂರು ಬಂದಿಲ್ಲ. ಬಂದಿದ್ದರೂ ಅದೇ ವಿಳಾಸಕ್ಕೆ ಬಂದಿರುತ್ತದೆ. ಮೈಲಾರಿ ಅದನ್ನು ತೆರೆದು ನೋಡುವುದು ಅಪರೂಪ.

ಆ ವಿಳಾಸ ಪಾಸ್‌ವರ್ಡಿನ ಸಮೇತ ಅಂತರಜಾಲದಲ್ಲಿ ಬಯಲಾಗಿದೆ ಎಂಬುದನ್ನು ಮೊದಲು ಕಂಡವಳು ನೌಕರಿ ಹುಡುಕುತ್ತಿದ್ದ ಊರ ಹುಡುಗಿ ಮಧುಶ್ರೀ. ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿಯ ಹುದ್ದೆಗೆ ಅವಳಿಗೆ ಸಂದರ್ಶನದ ಕರೆ ಬರಬೇಕಾದದ್ದು ಅಲ್ಲಿಗೇ.

"ಇವತ್ತ ಪಾಸ್‌ವರ್ಡ್ ಬದಲಿ ಮಾಡು, ಮೈಲಾರಿ ಅಣ್ಣಾ."

"ಊರ ಆಸ್ತಿ ಐತಿ ತಂಗಿ ಅದು. ನಾ ಒಬ್ಬಾಂವ ಹೆಂಗ ಮುಟ್ಲಿ?"

ವಿಷಯ ಸಭೆಗೆ ಹೋಯಿತು. ಅಧ್ಯಕ್ಷ ಉಡಚಪ್ಪನವರು ನಿಯಮದ ಮನುಷ್ಯ. ಹೊಸ ಪಾಸ್‌ವರ್ಡನ್ನು ಹದಿನೈದು ದಿನ ಸೂಚನಾ ಫಲಕದಲ್ಲಿ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಆಲಿಸಿ, ತದನಂತರ ಜಾರಿಗೆ ತರತಕ್ಕದ್ದು ಎಂದು ಠರಾವಾಯಿತು.

"ಎಲ್ಲಾರಿಗೂ ತೋರಿಸಿದ ಮ್ಯಾಲ ಗುಟ್ಟು ಎಲ್ಲಿ ಉಳೀತ್ರಿ?" ಎಂದಳು ಮಧುಶ್ರೀ.

"ಗುಟ್ಟಿನ ಕಾರಭಾರ ನಮ್ಮ ಪಂಚಾಯ್ತ್ಯಾಗ ನಡ್ಯಾಂಗಿಲ್ಲವ್ವಾ," ಎಂದರು ಉಡಚಪ್ಪನವರು.

ಒಂದೇ ಆಕ್ಷೇಪಣೆ ಬಂತು. ಅಕ್ಷರ ಸಣ್ಣವು, ಓದಲು ಬರುವುದಿಲ್ಲ ಎಂದು ಗೌಸಸಾಬರು ಬರೆದುಕೊಟ್ಟರು. ದಪ್ಪ ಅಕ್ಷರದಲ್ಲಿ ಮತ್ತೆ ಅಂಟಿಸಿ, ಹದಿನೈದು ದಿನಗಳನ್ನು ಹೊಸದಾಗಿ ಎಣಿಸತೊಡಗಿದರು.

ಅಷ್ಟರಲ್ಲಿ ಎಲ್ಲಿಯವನೋ ಒಬ್ಬ ಕಳ್ಳ ಹಳೆಯ ಪಾಸ್‌ವರ್ಡಿನಿಂದ ಒಳಹೊಕ್ಕು, ಯಾವ ಠರಾವೂ ಇಲ್ಲದೆ ಅದನ್ನು ಬದಲಿಸಿಬಿಟ್ಟ. ಅವನಿಗೆ ನೋಟಿಸು ಜಾರಿಯಾಯಿತು. ವಿಳಾಸ ಹುಡುಕುವ ತೊಂದರೆ ಇರಲಿಲ್ಲ. ಅವನು ಇದ್ದದ್ದು ಊರಿನ ವಿಳಾಸದಲ್ಲೇ. ಮಧುಶ್ರೀ ಈಗ ಸ್ವಂತ ಇಮೇಲ್ ಮಾಡಿಕೊಂಡಿದ್ದರಿಂದ ನೋಟಿಸು ಅವಳ ಮೊಬೈಲಿನಿಂದ ಹೋಯಿತು. ಕೆಳಗೆ ಅವಳು ತನ್ನದೂ ಒಂದು ಸಾಲು ಸೇರಿಸಿದಳು: 'ಅಣ್ಣಾರ, ನನ್ನ ಸಂದರ್ಶನದ ಕರೆ ಏನರ ಬಂದೈತೇನ್ರಿ?'

ಹತ್ತೇ ನಿಮಿಷದಲ್ಲಿ ಉತ್ತರ ಬಂತು. ವಿಳಾಸ ಮರಳಿ ಬೇಕಿದ್ದರೆ ಪಂಚಾಯ್ತಿ ಹಣ ಕಳಿಸಬೇಕು. ಮಧುಶ್ರೀಗೆ ಸಂದರ್ಶನ ಸೋಮವಾರ ಹನ್ನೊಂದಕ್ಕೆ, ಹಾವೇರಿಯಲ್ಲಿ. ಮೂಲ ಅಂಕಪಟ್ಟಿ ಮರೆಯಬಾರದು. ಇನ್ನು ಮುಂದೆ ಎಲ್ಲ ಕಡೆ ತನ್ನದೇ ವಿಳಾಸ ಕೊಡಬೇಕು, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಬೇಕು, ಪಾಸ್‌ವರ್ಡ್ ಯಾರಿಗೂ ಹೇಳಬಾರದು.

"ಕಳ್ಳ ಆದ್ರೂ ಮನಿ ಮಗಳಂಗ ನೋಡ್ಯಾನ," ಎಂದು ತಾಯಿ ಮಂಜವ್ವ ಕಣ್ಣೊರೆಸಿಕೊಂಡಳು. "ಆ ಮೈಲಾರಿ ನೋಡಿ ಕಲೀಲಿ."

ಆ ವಿಳಾಸದಿಂದ ಇಷ್ಟು ಬೇಗ ಉತ್ತರ ಬಂದದ್ದು ಅದೇ ಮೊದಲಾದ್ದರಿಂದ ಸಭೆಯೂ ಮೆಚ್ಚುಗೆ ಸೂಚಿಸಿತು. ಹಣದ ಬಗ್ಗೆ ಮಾತ್ರ, ಖರೀದಿ ನಿಯಮದಂತೆ ಇನ್ನಿಬ್ಬರು ಕಳ್ಳರ ದರಪಟ್ಟಿ ಲಗತ್ತಿಸಲು ಅವನಿಗೆ ಸೂಚಿಸಲಾಯಿತು.

ಮಧುಶ್ರೀಗೆ ನೌಕರಿ ಸಿಕ್ಕಿತು. ಎಮ್ಮೆ ವಿಮೆ, ಯೂರಿಯಾ, ಜಾತಿ ಪ್ರಮಾಣಪತ್ರಗಳ ಪತ್ರಗಳಲ್ಲಿ ಮುಳುಗಿಹೋದ ಕಳ್ಳ, ಹಣ ಬೇಡ, ವಿಳಾಸ ತೆಗೆದುಕೊಂಡರೆ ಸಾಕು ಎಂದು ಬರೆದ.

"ಕೊಟ್ಟಿದ್ದಕ್ಕ ದಾಖಲೆ ಇಲ್ಲ. ವಾಪಸ್ ಇಸ್ಕೊಳ್ಳೂದು ಹೆಂಗ?" ಎಂದರು ಉಡಚಪ್ಪನವರು. ಅವನನ್ನೇ ಪ್ರಭಾರಿಯಾಗಿ ಮುಂದುವರಿಸಲಾಯಿತು. ಊರಿನವರಿಗೂ ಅನುಕೂಲವಾಯಿತು, ಈಗ ಪತ್ರಗಳಿಗೆ ಅಂದಂದೇ ಉತ್ತರ ಹೋಗುತ್ತದೆ.

ಮಧುಶ್ರೀ ಕೆಲಸಕ್ಕೆ ಹಾಜರಾದ ದಿನ ಅಧ್ಯಕ್ಷರು ಅವಳ ಪಾಸ್‌ವರ್ಡ್ ಕೇಳಿದರು. ಈಗ ಅವಳೂ ಸಿಬ್ಬಂದಿ. ನಿಯಮ ಎಲ್ಲರಿಗೂ ಒಂದೇ. ಅವಳು ಅದನ್ನು ದಪ್ಪ ಅಕ್ಷರದಲ್ಲಿ ಬರೆದು, ತಾನೇ ಫಲಕಕ್ಕೆ ಚುಚ್ಚಿದಳು.

ನಿಯಮದಂತೆ ಪ್ರಕಟಣೆಯ ಪ್ರತಿ ಊರಿನ ವಿಳಾಸಕ್ಕೂ ಹೋಯಿತು. ಅಂದೇ ಸಂಜೆ ಕಳ್ಳನಿಂದ ತೀವ್ರ ಆಕ್ಷೇಪಣೆ ಬಂತು. ಅವನು ಊರಿನ ನಿವಾಸಿಯಲ್ಲವೆಂಬ ಕಾರಣಕ್ಕೆ ಅದನ್ನು ತಿರಸ್ಕರಿಸಲಾಯಿತು. ಉಳಿದ ಎಲ್ಲರ ಒಪ್ಪಿಗೆಯಿತ್ತು.