ಅನಂತಕ್ಕೆ ಅಡ್ಡ ಬಂದ ಮೂರು ಎಂಎಂ

ಮಹಾನಂದಾ: ಎರಡು ಎಂಎಂ ಅಂತ ಬರದು ಕೊಟ್ಟಿದ್ನಲ್ರೀ ಸರ್! ಎರಡರ ಕೆಳಗ ಗೆರಿ ಬ್ಯಾರೆ ಎಳದಿದ್ದೆ. ಇದು ಐದು ಅದ!

ಚಿಕ್ಕಬೈರಪ್ಪ: ಗೆರೆ ನೋಡ್ದೆ ಕಣಮ್ಮ. ಎರಡು ಎಂಎಂ ಅಂದ್ರೆ ಅದು ರಿಂಗಲ್ಲ, ಹಪ್ಪಳ. ಅದಕ್ಕೇ ಮೇಲೆ ಮೂರು ಸೇರಿಸ್ದೆ. ಇದ್ರ ಮೇಲೆ ಲಾರಿ ಹೋದ್ರೂ ಬಗ್ಗಲ್ಲ.

ಮಹಾನಂದಾ: ನನ್ನ ಕ್ಯಾಮರಾದ ಮ್ಯಾಲೆ ಲಾರಿ ಯಾಕ ಹೋಗ್ತದ್ರೀ?

ಚಿಕ್ಕಬೈರಪ್ಪ: ಪೀಣ್ಯ ಇದು. ಏನ್ ಬೇಕಾದ್ರೂ ಹೋಗುತ್ತೆ.

ಮಹಾನಂದಾ ಬೆಳಿಗ್ಗೆ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಪೀಣ್ಯದ ಈ ಲೇತ್ ಶೆಡ್ಡಿಗೆ ಬಂದಿದ್ದಳು. ಅವಳ ಕ್ಯಾಮರಾ ಒಳ್ಳೆಯದು. ಆದರೆ ಅದರ ಬಾಯಿಗೆ, ಅಂದರೆ ಲೆನ್ಸ್ ಕೂರುವ ಮೌಂಟಿಗೆ, ಹೊಂದುವ ಲೆನ್ಸು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇದ್ದ ಒಂದೇ ಲೆನ್ಸ್ ಹೋದ ತಿಂಗಳು ಮೆಟ್ಟಿಲಿನಿಂದ ಉರುಳಿ ಒಡೆದಿತ್ತು. ಬೇರೆ ಕಂಪನಿಯ ಹಳೆಯ ಲೆನ್ಸೊಂದನ್ನು ಹುಡುಕಿ ತಂದಳು. ಅದು ಬಾಟಲಿಯ ಮುಚ್ಚಳದಂತೆ ತಿರುಪಿ ಕೂರಿಸುವಂಥದ್ದು. ಒಡೆದ ಲೆನ್ಸಿನ ಹಿಂಬದಿಯ ಲೋಹದ ಬಳೆಗೆ ತಿರುಪಿರುವ ಒಂದು ರಿಂಗ್ ಜೋಡಿಸಿದರೆ ಈ ಲೆನ್ಸು ಅವಳ ಕ್ಯಾಮರಾಕ್ಕೆ ಕೂರುತ್ತದೆ. ಆ ರಿಂಗೇ ಈಗ ಚಿಕ್ಕಬೈರಪ್ಪನವರ ಅಂಗೈಯಲ್ಲಿತ್ತು. ಗಡಿಯಾರದಲ್ಲಿ ಒಂದೂವರೆ. ಅವಳು ರಿಂಗ್ ತೆಗೆದುಕೊಂಡು ಲೆನ್ಸಿನ ಜೊತೆ ಕ್ಯಾಮರಾಕ್ಕೆ ಕೂರಿಸಿ ಅವರ ಮುಂದೆ ಹಿಡಿದಳು.

ಮಹಾನಂದಾ: ರಿಂಗ್ ದಪ್ಪ ಆದಷ್ಟು ಲೆನ್ಸು ಮುಂದ ಸರೀತದ್ರೀ. ಮುಂದ ಸರಿದ್ರ ದೂರದ್ದು ಮಸಕಾಗ್ತದ. ಇದ್ರಾಗ ನೋಡ್ರಿ. ಮೂರು ಅಡಿ ತನಕ ಚಂದ. ಆಚಿ ಎಲ್ಲಾ ಗಂಜಿ.

ಚಿಕ್ಕಬೈರಪ್ಪ: ಮೂರಡಿ ಸಾಲ್ದಾ? ನಮ್ಮ ಶೆಡ್ಡೇ ಎಂಟಡಿ ಅಗಲ.

ಮಹಾನಂದಾ: ನಾಕು ಗಂಟೆಕ್ಕ ಮೂವತ್ತೆಂಟು ಮಂದಿ ಗೇಟಿನ ಮುಂದ ನಿಂದರ್ತಾರ!

ಚಿಕ್ಕಬೈರಪ್ಪ: ಹತ್ರ ನಿಲ್ಸು.

ಮಹಾನಂದಾ: ಮೂರು ಅಡಿಯೊಳಗ ಮೂವತ್ತೆಂಟು ಮಂದಿನಾ?

ಚಿಕ್ಕಬೈರಪ್ಪ: ಬೆಳಿಗ್ಗೆ ಮೆಟ್ರೋದಲ್ಲಿ ನಿಂತಿರ್ಲಿಲ್ವಾ?

ಮೂಲೆಯಲ್ಲಿ ಕೂತು, ಯಂತ್ರದ ಅಚ್ಚಿಗೆ ತೊಡಿಸುವ ಕೊಳವೆಯಂಥ ಹಿತ್ತಾಳೆ ಬುಷ್‌ಗಳ ಅಂಚಿಗೆ ಅರ ಹಾಕುತ್ತಿದ್ದ ದುರ್ಗವ್ವ ಕೈ ನಿಲ್ಲಿಸಿದಳು. ಶೆಡ್ಡಿನಲ್ಲಿ ಕೆಲಸಕ್ಕಿದ್ದವಳು ಅವಳೊಬ್ಬಳೇ. ಹಾಗಾಗಿ ಯಜಮಾನರಿಗೆ ಎದುರು ಹೇಳುವ ಕೆಲಸವೂ ಅವಳದೇ.

ದುರ್ಗವ್ವ: ಹಿಂದಿನ ಓಣಿ ಮೋಟಾರ್ ಕಂಪನಿಯ ಕಾಯಿಲ್ ಸುತ್ತೋ ಹೆಣ್ಮಕ್ಕಳ್ರಿ ಅವ್ರು. ನಾಳಿಂದ ಆ ಸೆಕ್ಷನ್ನ ಇರೂದಿಲ್ಲ. ಹದಿನೈದು ವರ್ಷ ಒಂದ ಬೆಂಚಿನ ಮ್ಯಾಲೆ ಕುಂತಾರ. ಇವತ್ತ ತಪ್ಪಿದ್ರ ಒಬ್ಬಾಕಿ ಎಲ್ಲೋ, ಇನ್ನೊಬ್ಬಾಕಿ ಎಲ್ಲೋ.

ಚಿಕ್ಕಬೈರಪ್ಪ: ಅಂಗಾದ್ರೆ ಫೋನಲ್ಲಿ ತೆಗೀರಿ. ಈಗ ಎಲ್ಲಾ ಫೋನಲ್ಲೇ ತಾನೇ?

ಮಹಾನಂದಾ: ಗ್ವಾಡಿ ಅಗಲ ಪ್ರಿಂಟ್ ಹಾಕಸೋರಿದ್ದಾರ್ರೀ. ನನ್ನ ಫೋನಿನ್ಯಾಗ ಹಿಂದಿನ ಸಾಲಿನ ಮುಖ ಒಡದು ಅವಲಕ್ಕಿ ಆಗ್ತಾವ. ಸರ್, ಇಲ್ಲೀತನಕ ನಾ ಮಂದಿ ಮದುವ್ಯಾಗ ಲೈಟ್ ಹಿಡಕೊಂಡು ನಿಂತಾಕಿ. ನೀನ ತಗೀಬೇಕು ಅಂತ ನನ್ನ ಹುಡಿಕ್ಕೊಂಡು ಬಂದ ಮೊದಲ್ನೇ ಕೆಲಸ ಇದು. ಮೂರು ಎಂಎಂ ಕಡದ್ ಕೊಡ್ರಿ, ಅಷ್ಟ.

ಚಿಕ್ಕಬೈರಪ್ಪ: ಕಡ್ಯೋದು ಸುಲಭ. ಕಡ್ದಿದ್ದನ್ನ ವಾಪಸ್ ಅಂಟ್ಸೋ ಮಿಷನ್ ಇನ್ನೂ ಬಂದಿಲ್ಲ. ನಲವತ್ತು ವರ್ಷದಲ್ಲಿ ಈ ಶೆಡ್ಡಿಂದ ಹೋದ ಒಂದು ಪೀಸೂ ತಿರ್ಗಿ ಬಂದಿಲ್ಲಮ್ಮ. ತಪ್ಪು ನಿನ್ನ ಕ್ಯಾಮರಾದ್ದೇ ಇರ್ಬೇಕು. ಅದಕ್ಕೆ ಕಣ್ಣು ಸರಿ ಇದ್ಯಾ?

ಮಹಾನಂದಾ: ಹತ್ರದ್ದು ಹ್ಯಾಂಗ ಕಾಣ್ತದ ತೋರಸ್ಲೇನು?

ಅವಳು ಟ್ರೇಯಿಂದ ಒಂದು ಬುಷ್ ತೆಗೆದು ಬೆಳಕಿಗಿಟ್ಟಳು. ಒಂದಡಿ ದೂರದಿಂದ ಫೋಟೋ ತೆಗೆದು, ಕ್ಯಾಮರಾದ ಪರದೆಯ ಮೇಲೆ ಹಿಗ್ಗಿಸಿ ತೋರಿಸಿದಳು. ಚಿಕ್ಕಬೈರಪ್ಪ ಕನ್ನಡಕವನ್ನು ಹಣೆಗೇರಿಸಿ ಬಗ್ಗಿದರು.

ಚಿಕ್ಕಬೈರಪ್ಪ: ಇದ್ಯಾವ್ ರೋಡು? ಉದ್ದಕ್ಕೂ ಗೀರಿ ಅಗೆದವ್ರೆ.

ಮಹಾನಂದಾ: ರೋಡ್ ಅಲ್ರೀ. ನಿಮ್ಮ ಬುಷ್.

ಚಿಕ್ಕಬೈರಪ್ಪ: ಸುಳ್ಳು.

ದುರ್ಗವ್ವ: ಮುಂಜಾನಿಂದ ಕನ್ನಡಿಹಂಗ ನುಣುಪು ಅಂತ ನಮಗ ತೋರಸಾಕತ್ತಿದ್ರಲ್ರಿ, ಅದ ಕನ್ನಡಿ.

ಚಿಕ್ಕಬೈರಪ್ಪ: ಗ್ಲಾಸಿಗೆ ಧೂಳು ಕೂತಿದೆ. ಒರೆಸಿ ತೆಗಿ.

ಮಹಾನಂದಾ ಲೆನ್ಸನ್ನು ಒರೆಸಿ ಎರಡನೆಯ ಬುಷ್ ಇಟ್ಟಳು. ಅದೇ ಜಾಗದಲ್ಲಿ ಅದೇ ಗೀರು. ಮೂರನೆಯದರಲ್ಲೂ ಹಾಗೆಯೇ. ಚಿಕ್ಕಬೈರಪ್ಪ ಲೇತಿನ ಬಳಿ ಹೋಗಿ ಕೊರೆಯುವ ಟೂಲನ್ನು ಬಿಚ್ಚಿ ತಂದರು. ಕ್ಯಾಮರಾದಲ್ಲಿ ನೋಡಿದರೆ ಅದರ ತುದಿ ಸಾಸಿವೆ ಕಾಳಿನಷ್ಟು ಮುಕ್ಕಾಗಿತ್ತು. ಅದೇ ಟೂಲಿನಲ್ಲಿ ಅವರು ಇನ್ನೂರು ಬುಷ್ ಮುಗಿಸಿದ್ದರು. ಮೂರು ಗಂಟೆಗೆ ಅವನ್ನು ಒಯ್ಯಲು ಗಾಡಿ ಬರುವುದಿತ್ತು.

ಅವರು ಫೋನ್ ತೆಗೆದರು.

ಚಿಕ್ಕಬೈರಪ್ಪ: ಸಾರ್, ಗಾಡಿ ಕಳಿಸ್ಬೇಡಿ. ನಾಳಿದ್ದು ಕೊಡ್ತೀನಿ. ಇಲ್ಲ ಸಾರ್, ಕರೆಂಟ್ ಹೋಗಿಲ್ಲ. ನಾನೇ ರಿಜೆಕ್ಟ್ ಮಾಡ್ದೆ.

ದುರ್ಗವ್ವ: ಯವ್ವಾ! ನಾ ಬಂದು ಆರು ವರ್ಷ ಆತು. ಈ ಮಾತ ಇವತ್ತ ಕೇಳಿದೆ.

ಮಹಾನಂದಾ: ಪಾಪ. ಹೋಗ್ಲಿ ಬಿಡ್ರಿ ಸರ್. ಈಗ ನನ್ನ ರಿಂಗ್ ಕಡೀರಿ.

ಚಿಕ್ಕಬೈರಪ್ಪ: ಮುಟ್ಬೇಡ ಅದನ್ನ!

ಮಹಾನಂದಾ: ಹಾಂ?

ಚಿಕ್ಕಬೈರಪ್ಪ: ಈ ರಿಂಗು ಸರ್ಯಾಗಿದೆ. ದೇವ್ರಂಗಿದೆ. ಇನ್ಮೇಲೆ ಒಂದೊಂದು ಪೀಸೂ ಇದ್ರಲ್ಲಿ ನೋಡೇ ಕಳಿಸ್ಬೇಕು.

ಮಹಾನಂದಾ: ಕ್ಯಾಮರಾ ನಂದ್ರೀ!

ಚಿಕ್ಕಬೈರಪ್ಪ: ರಿಂಗ್ ನಂದು!

ಮಹಾನಂದಾ: ಲೆನ್ಸ್ ನಂದು!

ಚಿಕ್ಕಬೈರಪ್ಪ: ಮೂರು ಎಂಎಂ ನಂದು! ಅದಿಲ್ದಿದ್ರೆ ನಿನ್ನ ಕ್ಯಾಮರಾಕ್ಕೆ ಈ ಗೀರು ಕಾಣ್ತಿತ್ತಾ?

ಮಹಾನಂದಾ: ಆ ಮೂರು ಎಂಎಂ ಇದ್ರ ನನಗ ಮೂವತ್ತೆಂಟು ಹೆಣ್ಮಕ್ಕಳು ಕಾಣಂಗಿಲ್ಲ!

ದುರ್ಗವ್ವ: ಇಬ್ರೂ ಸುಮ್ಕಿರ್ರಿ. ಊಟದ ಡಬ್ಬಿ ನೋಡಿಲ್ಲೇನು? ಅನ್ನದ್ದು ಒಂದು ಖಾನೆ, ಸಾರಿಂದು ಒಂದು. ಒಂದರ ಮ್ಯಾಲೊಂದು ಕುಂದ್ರತಾವ, ಬ್ಯಾಡಂದ್ರ ತಗೀತಾರ. ಎರಡು ಎಂಎಂದು ಆಕೀಗಿ ಮಾಡ್ರಿ. ಮೂರರದ್ದು ನಿಮಗ ಬ್ಯಾರೆ ಮಾಡ್ಕೊರ್ರಿ. ಆಕಿ ಆಯ್ತಾರಕ್ಕೊಮ್ಮೆ ಕ್ಯಾಮರಾ ತರ್ತಾಳ, ಎರಡೂ ಕೂಡಿಸಿ ನಿಮ್ಮ ಬುಷ್ ನೋಡ್ರಿ.

ಚಿಕ್ಕಬೈರಪ್ಪ ಕ್ಯಾಮರಾದಿಂದ ರಿಂಗ್ ಬಿಚ್ಚಿಸಿಕೊಂಡರು.

ಚಿಕ್ಕಬೈರಪ್ಪ: ಅದನ್ನೇ ನಾನೂ ಹೇಳಕ್ಕೆ ಹೊರ್ಟಿದ್ದೆ. ಬಾಯಿ ಬಿಡೋಕ್ಕೆ ಬಿಡಲ್ಲ ನೀವು. ಏನಮ್ಮ, ಬರ್ತೀಯಾ ಭಾನುವಾರ?

ಮಹಾನಂದಾ: ಬರ್ತೀನ್ರೀ. ಕಡೀರಿ ಮೊದ್ಲ.

ಅವರು ರಿಂಗನ್ನು ಲೇತಿಗೆ ಹಿಡಿಸಿ, ಟೂಲ್ ಬದಲಿಸಿ, ಲೆನ್ಸನ್ನು ಕೈಯಲ್ಲಿ ತಿರುಗಿಸಿ ನೋಡಿದರು.

ಚಿಕ್ಕಬೈರಪ್ಪ: ಇಲ್ಲಿ ಅಡಿ ಲೆಕ್ಕ ಬರ್ದವ್ರೆ. ಐದು, ಹತ್ತು, ಮೂವತ್ತು. ಆಮೇಲೆ ಈ ಎಂಟು ಯಾಕೆ ಅಡ್ಡ ಮಲ್ಗಿದೆ?

ಮಹಾನಂದಾ: ಅದು ಎಂಟಲ್ರೀ, ಅನಂತ. ಎಷ್ಟು ದೂರ ಇದ್ರೂ ಕಾಣಬೇಕು ಅಂತ ಅರ್ಥ.

ಚಿಕ್ಕಬೈರಪ್ಪ: ಅನಂತಕ್ಕೆ ಟಾಲರೆನ್ಸ್ ಎಷ್ಟು?

ಮಹಾನಂದಾ: ಏನ್ರೀ?

ಚಿಕ್ಕಬೈರಪ್ಪ: ಹೆಚ್ಚುಕಡಿಮೆ ಎಷ್ಟು ಬಿಡ್ಬೋದು? ಪ್ಲಸ್ ಎಷ್ಟು, ಮೈನಸ್ ಎಷ್ಟು? ಅದು ಗೊತ್ತಿಲ್ದೆ ಟೂಲ್ ಮುಟ್ಸಲ್ಲ ನಾನು.

ಮಹಾನಂದಾ: ಪ್ಲಸ್ ಏನೂ ಬ್ಯಾಡ್ರಿ. ಕೂದಲೆಳಿಯಷ್ಟು ಮೈನಸ್ ಆದ್ರ ನಡೀತದ.

ಚಿಕ್ಕಬೈರಪ್ಪ: ಹಿಂಗ್ ಮೊದ್ಲೇ ಹೇಳಿದ್ರೆ ಹಪ್ಪಳಾನೇ ಮಾಡ್ತಿದ್ನಲ್ಲ!

ಆದರೂ ಅವರಿಗೆ ಅವಳು ಅಳತೆ ಬರೆದುಕೊಟ್ಟಿದ್ದ ಚೀಟಿಯ ಮೇಲೆ ನಂಬಿಕೆ ಬರಲಿಲ್ಲ. ಕ್ಯಾಮರಾದ ಬಾಯಿಗೆ ತಾವೇ ಆಳ ಅಳೆಯುವ ಗೇಜ್ ಇಟ್ಟು ನೋಡಿದರು. ಮೂರು ಸಲ ಅಳೆದರು.

ಚಿಕ್ಕಬೈರಪ್ಪ: ನಿನ್ನ ಎರಡರಲ್ಲಿ ಮೂವತ್ತು ಮೈಕ್ರಾನ್ ಸುಳ್ಳಿದೆ.

ಮಹಾನಂದಾ: ನಿಮ್ಮ ಐದರಾಗ ಮೂರು ಸಾವಿರ ಇತ್ತಲ್ರೀ!

ದುರ್ಗವ್ವ ನಗು ತಡೆಯಲು ಅರ ಹಾಕತೊಡಗಿದಳು. ಲೇತ್ ತಿರುಗಿತು. ಮೊದಲು ಎರಡು ಸಲ ಧೈರ್ಯವಾಗಿ ಕಡಿದರು. ಆಮೇಲೆ ಹೊಗೆಯಷ್ಟು ತೆಳುವಾಗಿ ಕಡಿಯುತ್ತಾ, ಪ್ರತಿ ಸಲವೂ ರಿಂಗನ್ನು ಬಿಚ್ಚಿ ಕ್ಯಾಮರಾಕ್ಕೆ ಹಾಕಿಸಿ ಬಾಗಿಲಿಗೆ ಬರುತ್ತಿದ್ದರು. ಓಣಿಯ ಕೊನೆಯಲ್ಲಿ ಮೆಟ್ರೋ ಕಂಬವಿತ್ತು. ಅದರ ಮೇಲೆ ಅಂಟಿಸಿದ್ದ ಚೀಟಿ ಓದುವಂತಾದರೆ ಗೆದ್ದ ಹಾಗೆ. ಐದನೆಯ ಸಲ ಮಹಾನಂದಾ ತನ್ನ ಕಣ್ಣನ್ನೇ ನಂಬದೆ ಕ್ಯಾಮರಾವನ್ನು ದುರ್ಗವ್ವನಿಗೆ ಕೊಟ್ಟಳು.

ದುರ್ಗವ್ವ: ತಡೀರಿ, ಕಾಣತೈತಿ. 'ಹೆಣ್ಮಕ್ಕಳ ಪಿ.ಜಿ. ದಿನಪೂರ್ತಿ ಬಿಸಿನೀರು.' ಸುಳ್ಳದು.

ಚಿಕ್ಕಬೈರಪ್ಪ: ಸುಳ್ಳಾ? ಇನ್ನೂ ಮಸಕಾಗಿದ್ಯಾ?

ದುರ್ಗವ್ವ: ಅಕ್ಷರ ಖರೇ ಅದಾವ್ರಿ. ಬಿಸಿನೀರು ಸುಳ್ಳು. ನಾ ಅಲ್ಲಿ ಎರಡು ತಿಂಗಳಿದ್ದೆ.

ಮೂರೂ ಮುಕ್ಕಾಲಿಗೆ ಮಹಾನಂದಾ ಚೀಲ ಹೆಗಲಿಗೆ ಹಾಕಿ ಓಡಿದಳು. ಹಿಂದೆ ದುರ್ಗವ್ವ. ಅವಳ ಹಿಂದೆ, ಶೆಡ್ಡಿನ ಶಟರ್ ಎಳೆದು, ಕೈಗೆ ಅಂಟಿದ ಎಣ್ಣೆಯನ್ನೂ ಒರೆಸದೆ ಚಿಕ್ಕಬೈರಪ್ಪ.

ಮಹಾನಂದಾ: ನೀವ್ಯಾಕ್ರೀ ಸರ್?

ಚಿಕ್ಕಬೈರಪ್ಪ: ಪೀಸ್ ಕೂರಿಸೋವರ್ಗೂ ನೋಡ್ಬೇಕು. ಹೋಗು ಹೋಗು, ಬಿಸಿಲು ಇಳೀತಾ ಇದೆ.

ಕಂಪನಿಯ ಗೇಟಿನ ಮುಂದೆ ಮೂವತ್ತೆಂಟು ಹೆಂಗಸರು ಮೂರು ಸಾಲು ಮಾಡಿಕೊಂಡರು. ಮುಂದಿನವರು ನೆಲದ ಮೇಲೆ, ನಡುವಿನವರು ಬೆಂಚಿನ ಮೇಲೆ ಕೂತರು. ಆ ಬೆಂಚನ್ನು ಒಳಗಿನಿಂದ ಅವರೇ ಹೊತ್ತು ತಂದಿದ್ದರು. ಯಾರೋ ಅತ್ತರು, ಯಾರೋ ಬೈದರು, ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಮಹಾನಂದಾ ಉಸಿರು ಬಿಗಿಹಿಡಿದು ಆರು ಸಲ ಒತ್ತಿದಳು. ಪರದೆಯ ಮೇಲೆ ಹಿಗ್ಗಿಸಿ ನೋಡಿದಳು. ಹಿಂದಿನ ಸಾಲಿನ ಮೂಗುತಿಯ ಹರಳೂ ಎಣಿಸುವಂತಿತ್ತು.

ಎಲ್ಲರೂ ನೋಡಿ ಮುಗಿಸುವ ತನಕ ಚಿಕ್ಕಬೈರಪ್ಪ ದೂರ ನಿಂತಿದ್ದರು. ಕೊನೆಗೆ ಬಂದು ಕನ್ನಡಕ ಹಣೆಗೇರಿಸಿ ಬಗ್ಗಿದರು.

ಚಿಕ್ಕಬೈರಪ್ಪ: ದೊಡ್ದು ಮಾಡು. ಇನ್ನೂ. ಎಡಕ್ಕೆ ಸರ್ಸು.

ಮಹಾನಂದಾ: ಎಡಕ್ಕ ಯಾರೂ ಇಲ್ರೀ. ಗೇಟ್ ಅದ.

ಚಿಕ್ಕಬೈರಪ್ಪ: ಅದೇ. ಆ ಮೇಲಿನ ಹಿಂಜ್ ನೋಡು. ಪಿನ್ನು ಓರೆ ಕೂತಿದೆ. ಯಾವನಮ್ಮ ಇದನ್ನ ಮಾಡಿದ್ದು?

ಮಹಾನಂದಾ: ಸರ್! ಮೂವತ್ತೆಂಟು ಮುಖ ಅದಾವ ಇದ್ರಾಗ. ಅವು ಹ್ಯಾಂಗ ಬಂದಾವ ಹೇಳ್ರಿ ಮೊದ್ಲ.

ಚಿಕ್ಕಬೈರಪ್ಪ ಪರದೆಯನ್ನು ಬಲಕ್ಕೆ ಸರಿಸುತ್ತಾ ಒಂದೊಂದೇ ಮುಖ ನೋಡಿದರು. ಅವಸರ ಮಾಡಲಿಲ್ಲ. ಕೊನೆಯ ಮುಖ ನೋಡಿ ಕನ್ನಡಕ ಇಳಿಸಿಕೊಂಡರು.

ಚಿಕ್ಕಬೈರಪ್ಪ: ಈ ಮುಖಗಳನ್ನ ಮಾಡ್ದೋನು ನನಗಿಂತ ಸೀನಿಯರ್ರು. ಅವನ ಕೆಲಸದಲ್ಲಿ ನಾನು ಬಾಯಿ ಹಾಕಲ್ಲ.