ಕೆರೆಯಿಂದ ಲಾರಿ ಎಳೆದ ಹಗ್ಗ

ಭಾರ ಎತ್ತುವ ಯಂತ್ರಗಳ ಉಕ್ಕಿನ ಹಗ್ಗಗಳನ್ನು ಪರೀಕ್ಷಿಸುವುದು ನನ್ನ ವೃತ್ತಿ. ಈ ಕೆಲಸದಲ್ಲಿ ನಗು ಬರಿಸುವ ಸಂಗತಿಗಳು ನಡೆಯುತ್ತಲೇ ಇರುತ್ತವೆ. ನಗುವುದಕ್ಕೆ ಮಾತ್ರ, ಯಾರ ತಲೆಯ ಮೇಲೂ ಏನೂ ಬೀಳಲಿಲ್ಲವೆಂಬುದು ಖಚಿತವಾಗುವವರೆಗೆ ಕಾಯಬೇಕಾಗುತ್ತದೆ. ಒಂದು ಹಗ್ಗದ ವಿಷಯದಲ್ಲಿ ನಾನು ಒಂದು ವರ್ಷ ಕಾದೆ.

ಶಿರಾ ಗೇಟ್

ತುಮಕೂರಿನ ಶಿರಾ ಗೇಟ್ ಬಳಿ ಒಂದು ಕಬ್ಬಿಣದ ಗೋದಾಮು. ಅಲ್ಲಿನ ಕ್ರೇನಿನ ಹಗ್ಗ ನೋಡಲು ಹೋಗಿದ್ದೆ. ನನ್ನ ಸಲಕರಣೆ ಸರಳವಾದದ್ದು: ದಪ್ಪ ಅಳೆಯುವ ವರ್ನಿಯರ್, ಒಂದು ನೋಟ್‌ಬುಕ್, ಒಂದು ಹಳೆಯ ಹತ್ತಿ ಬಟ್ಟೆ. ಬಟ್ಟೆಯನ್ನು ಹಗ್ಗಕ್ಕೆ ಸುತ್ತಿ ನಿಧಾನವಾಗಿ ಎಳೆದರೆ, ಎಳೆ ತಂತಿ ಕಡಿದಿರುವಲ್ಲೆಲ್ಲ ಅದು ಸಿಕ್ಕಿಕೊಳ್ಳುತ್ತದೆ. ಅಂದು ಬಟ್ಟೆ ಚಿಂದಿಯಾಯಿತು.

"ಇದನ್ನು ಇಂದೇ ಬಿಚ್ಚಬೇಕು," ಎಂದೆ.

ಗೋದಾಮಿನ ಮಾಲೀಕರಿಗೆ ನೋವಾಯಿತು. "ಮೇಡಂ, ಇದು ಅಂತಿಂಥ ರೋಪಲ್ಲ. ಕೆರೆಗೆ ಬಿದ್ದಿದ್ ಲಾರೀನ ಲೋಡ್ ಸಮೇತ ಎಳೆದದೆ. ನಮ್ಮಪ್ಪ ಎದುರಿಗೆ ನಿಂತು ಎಳ್ಸವ್ರೆ!"

ನಾನು ಹಗ್ಗದ ಸರ್ಟಿಫಿಕೇಟನ್ನು ಫೈಲಿನಿಂದ ತೆಗೆಸಿದೆ. "ತಂದೆಯವರು ತೀರಿಕೊಂಡು ಎಷ್ಟು ವರ್ಷವಾಯಿತು?"

"ಎಂಟು."

"ಈ ಹಗ್ಗ ತಯಾರಾಗಿ ಆರು ವರ್ಷ."

ಅವರು ಕ್ಷಣಕಾಲ ಕ್ರೇನನ್ನು ನೋಡಿದರು. ಆಮೇಲೆ ಮೊದಲಿಗಿಂತ ಹೆಚ್ಚಿನ ಭಕ್ತಿಯಿಂದ ಹೇಳಿದರು: "ತಯಾರಾಗೋಕ್ ಮುಂಚೇನೇ ಲಾರಿ ಎಳೆದದೆ ಅಂದ್ರೆ ನೋಡ್ಕೊಳ್ಳಿ ಮೇಡಂ, ಎಂಥಾ ರೋಪು!"

ಕುಣಿಗಲ್

ಶಿರಾ ಗೇಟಿನಲ್ಲಿ ನಾನೊಂದು ತಪ್ಪು ಮಾಡಿದ್ದೆ. ಹಗ್ಗವನ್ನು ಬಿಚ್ಚಿಸಿದೆ, ಅತಿ ಹೆಚ್ಚು ತಂತಿ ಕಡಿದಿದ್ದ ಜಾಗಕ್ಕೆ ಕೆಂಪು ಬಣ್ಣದ ಉಂಗುರ ಬಳಿದೆ, ವರದಿಯಲ್ಲಿ 'ತಿರಸ್ಕೃತ' ಎಂದು ಬರೆದೆ. ಆದರೆ ತಿರಸ್ಕರಿಸಿದ ಹಗ್ಗವನ್ನು ಕಣ್ಣೆದುರೇ ತುಂಡು ಮಾಡಿಸಬೇಕು. ಗ್ಯಾಸ್ ಕಟರ್ ನಾಳೆ ಬರುತ್ತದೆಂದರು, ನಂಬಿ ಹೊರಟುಬಂದೆ.

ಐದು ತಿಂಗಳ ನಂತರ ಕುಣಿಗಲ್ಲಿನ ಒಂದು ಗ್ಯಾರೇಜಿನಲ್ಲಿ, ಲಾರಿ ಎಂಜಿನ್ ಎತ್ತುವ ಯಂತ್ರಕ್ಕೆ ಅದೇ ಹಗ್ಗ ಬಿಗಿದಿತ್ತು. ಉದ್ದಕ್ಕೂ ಹೊಸ ಗ್ರೀಸ್. ಕೆಂಪು ಉಂಗುರದ ಮೇಲಿನ ಗ್ರೀಸನ್ನು ಮಾತ್ರ ಒರೆಸಿ, ಅದು ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು.

"ಪಕ್ಕಾ ಮಾಲು ಅಮ್ಮಾ," ಎಂದರು ಗ್ಯಾರೇಜಿನ ಸಾಹೇಬರು. "ಕೆರೆಯಿಂದ ಎರಡು ಲಾರಿ ಒಟ್ಟಿಗೆ ಎಳೆದೈತಂತೆ. ಈ ಕೆಂಪು ಮುದ್ರೆ ನೋಡಿ. ತುಮಕೂರಲ್ಲಿ ಯಾರೋ ಮೇಡಂ ಅವ್ರಂತೆ, ಬಾಳ ಸ್ಟ್ರಿಕ್ಟು. ಅವ್ರೇ ಕೈಯಾರೆ ಹಾಕಿರೋದು."

ವರ್ನಿಯರ್ ಹಿಡಿದೆ. ಹಗ್ಗ ಇನ್ನೂ ಅರ್ಧ ಮಿಲಿಮೀಟರ್ ಸವೆದಿತ್ತು. ಲಾರಿ ಒಂದು ಹೆಚ್ಚಾಗಿತ್ತು.

"ಆ ಮೇಡಂ ನಾನೇ. ಅದು ಈ ಹಗ್ಗ ಬೇಡವೆಂದು ಹಾಕಿದ ಗುರುತು."

ಸಾಹೇಬರು ಎರಡು ಮಾತುಗಳಲ್ಲಿ ಮೊದಲನೆಯದನ್ನು ಮಾತ್ರ ಸ್ವೀಕರಿಸಿ, ಒಳಗೆ ತಿರುಗಿ ಕೂಗಿದರು: "ಏಯ್, ಟೀ ತಗೊಂಬರ್ರೋ! ಮುದ್ರೆ ಮೇಡಂ ಬಂದವ್ರೆ!"

ಗುಬ್ಬಿ

ಕುಣಿಗಲ್ಲಿನಲ್ಲೂ ಹಗ್ಗ ಬಿಚ್ಚಿಸಿದೆ. ಗುಜರಿಗೆ ಹಾಕುತ್ತೇನೆಂದು ಸಾಹೇಬರು ಕಾಗದದಲ್ಲಿ ಬರೆದುಕೊಟ್ಟರು. ಬರೆದುಕೊಟ್ಟ ಮಾತಿಗೆ ಸೋಲುವುದು ನನ್ನ ದೌರ್ಬಲ್ಯ. ಅವರು ಮಾತು ತಪ್ಪಲಿಲ್ಲ. ಗುಜರಿಗೆ ಹಾಕಿದರು. ಗುಜರಿಯವರು ಅದನ್ನು ಗುಬ್ಬಿಗೆ ಕಳುಹಿಸಿದರು.

ಹಾಗಲವಾಡಿ ರಸ್ತೆಯ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಅದನ್ನು ಮೂರನೆಯ ಬಾರಿ ಕಂಡೆ. ಈಗ ಕೆಂಪು ಉಂಗುರದ ಮೇಲೆ ಅರಿಶಿನ, ಕುಂಕುಮ, ಒಣಗಿದ ಚೆಂಡುಹೂವು. ಅದು ಎರಡು ಟನ್ನಿನ ಕಲ್ಲುಗಳನ್ನು ಎತ್ತುತ್ತಿತ್ತು.

ಕ್ರೇನ್ ನಡೆಸುವ ಆಪರೇಟರಿಗೆ ಐವತ್ತು ದಾಟಿತ್ತು. ಅವರು ದನಿ ತಗ್ಗಿಸಿ ಕೇಳಿದರು: "ರೈಲ್ ಬೋಗಿ ಎಳೆದಿರೋ ರೋಪು ಅಂತಾರೆ. ಕಥೆ ಬುಡಿ ಮೇಡಂ, ನಿಜ ಹೇಳಿ. ಪಕ್ದಲ್ಲಿ ನಿಲ್ಲೋನು ನಾನು."

ನಾನು ಬಟ್ಟೆಯನ್ನು ಅವರ ಕೈಗೇ ಕೊಟ್ಟೆ. ಗೇಣಿಗೊಮ್ಮೆ ಅದು ಸಿಕ್ಕಿಕೊಂಡಿತು. ಅವರು ಹಗ್ಗದಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಮಾಲೀಕರು ಬೆಂಗಳೂರಿನಲ್ಲಿದ್ದರು. ಫೋನಿನಲ್ಲಿ ವಿವರಿಸಿದೆ. "ನಿಮ್ ಬಟ್ಟೆ ಹರಿದ್ರೆ ರೋಪಿನ ತಪ್ಪಾ ಮೇಡಂ? ಒಳ್ಳೆ ಬಟ್ಟೆ ತನ್ನಿ!" ಎಂದರು.

ಆಪರೇಟರ್ ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಸಾರ್, ನಾಳೆ ಕಲ್ಲು ಎತ್ತೋವಾಗ ನೀವೂ ಬಂದ್ಬುಡಿ. ನನ್ ಪಕ್ಕ ಜಾಗ ಐತೆ."

ಆ ಕಡೆಯಿಂದ ಕೇಳಿಸಿತು: "ಮೇಡಂಗೆ ಒಳ್ಳೆ ಕಟರ್ ಕೊಡ್ಲಾ."

ಮತ್ತೆ ಗುಬ್ಬಿ

ಆ ದಿನ ನಾನು ಕದಲಲಿಲ್ಲ. ಗ್ಯಾಸ್ ಕಟರಿನಿಂದ ಹಗ್ಗವನ್ನು ಮೊಳದುದ್ದ ತುಂಡುಗಳಾಗಿ ಕತ್ತರಿಸಿದರು. ಗಡಿಯಾರ ನೋಡಿದ್ದೆ: ಇಪ್ಪತ್ತು ನಿಮಿಷ. ತುಂಡುಗಳನ್ನು ಎಣಿಸಿದವರು ಆಪರೇಟರೇ. ಎಣಿಸಿ ಮುಗಿಸಿ, ಹೆಲ್ಮೆಟ್ ತೆಗೆದು, ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದರು.

ಮೂರು ತಿಂಗಳ ನಂತರ ಪರೀಕ್ಷೆಗೆ ಹೋದೆ. ಹೊಸ ಹಗ್ಗ, ಹೊಸ ಸರ್ಟಿಫಿಕೇಟು. ಬಟ್ಟೆ ತುದಿಯಿಂದ ತುದಿಗೆ ಜಾರಿತು. ತಲೆಯೆತ್ತಿದಾಗ ಕ್ರೇನಿನ ಕಂಬದಲ್ಲಿ ಏನೋ ನೇತಾಡುತ್ತಿತ್ತು: ಹಳೆಯ ಹಗ್ಗದ ತುಂಡು, ಸರಿಯಾಗಿ ಕೆಂಪು ಉಂಗುರವಿದ್ದದ್ದೇ.

"ಹೊಸ ರೋಪಿಗೆ ದೃಷ್ಟಿ ಆಗ್ಬಾರ್ದಲ್ಲ ಮೇಡಂ," ಎಂದರು ಆಪರೇಟರ್. "ಏನ್ ಗಟ್ಟಿ ಅಂತೀರಿ! ಗ್ಯಾಸ್ ಕಟರೇ ಅದ್ರ ಮುಂದೆ ಮೂರ್ ಗಂಟೆ ಒದ್ದಾಡ್ತು."

"ನೀವು ಅಲ್ಲೇ ಇದ್ದಿರಲ್ಲ? ಇಪ್ಪತ್ತು ನಿಮಿಷ."

"ಇದ್ದೆ ಮೇಡಂ," ಅವರು ಸಂಕೋಚದಿಂದ ಒಪ್ಪಿಕೊಂಡರು. "ಆದ್ರೆ ಎಲ್ರೂ ಮೂರ್ ಗಂಟೆ ಅಂತವ್ರೆ."

ನಾನು ಏಣಿ ತರಿಸಿ ಹತ್ತಿ, ಅಭ್ಯಾಸಬಲದಿಂದ ಆ ತುಂಡನ್ನೂ ಪರೀಕ್ಷಿಸಿ, ವರದಿಯಲ್ಲಿ ಬರೆದೆ: 'ಹಳೆಯ ಹಗ್ಗ. ಸದ್ಯದ ಭಾರ: ನಿಂಬೆಹಣ್ಣು ಒಂದು, ಹಸಿಮೆಣಸಿನಕಾಯಿ ಏಳು. ಸಾಮರ್ಥ್ಯಕ್ಕೆ ತಕ್ಕಂತಿದೆ. ಪಾಸ್.'